ಬಾಗಿಲು ಬಡಿದಾಗ: ರ‍್ಯಾಗಿಂಗ್ ಮತ್ತು ಮದ್ಯದ ಕುರಿತು ಒಂದು ಪಾಠ

(9ರಿಂದ 12ನೆಯ ತರಗತಿ, ಮೂರು ಅವಧಿಗಳು)

ತಮಿಳುನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಮುಗಿಸುವ ಮಕ್ಕಳಿಗೆ ಮುಂದಿನ ವಿದ್ಯಾಭ್ಯಾಸದ ದಾರಿಗಳಲ್ಲೊಂದು ಕೊಯಮತ್ತೂರಿಗೆ ಹೋಗುತ್ತದೆ. ತಾಳವಾಡಿಯ ಹುಡುಗನು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿ ಆ ನಗರವನ್ನು ಸೇರುತ್ತಾನೆ. ಅವನ ಪೆಟ್ಟಿಗೆಯಲ್ಲಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಅವುಗಳಲ್ಲಿ ಕೆಲವನ್ನು ನಾವೇ ಪರಿಶೀಲಿಸಿ, ಮೊಹರು ಹಾಕಿಸಿ ಕಳುಹಿಸಿರುತ್ತೇವೆ. ಆದರೆ ವಸತಿಗೃಹದ ಮೊದಲ ವಾರದಲ್ಲಿ, ರಾತ್ರಿ ಹತ್ತು ಗಂಟೆಗೆ ಬಾಗಿಲು ಬಡಿದು ‘ಹೊರಗೆ ಬಾ, ಪರಿಚಯ ಮಾಡಿಕೊಳ್ಳೋಣ’ ಎಂದವರಿಗೆ ಏನು ಹೇಳಬೇಕೆಂಬುದನ್ನು ಯಾರೂ ಕಲಿಸಿರುವುದಿಲ್ಲ.

ಈ ಪಾಠವು ಪಠ್ಯಪುಸ್ತಕದಲ್ಲಿಲ್ಲ. ಕನ್ನಡ ಭಾಷಾ ಅವಧಿಯಲ್ಲಿಯೇ ಇದನ್ನು ಮಾಡಬಹುದೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ಕಲಿಸಬೇಕಾದುದು ಬಹುಮಟ್ಟಿಗೆ ಭಾಷೆಯನ್ನೇ. ನಿರಾಕರಿಸುವ ಭಾಷೆ, ದೂರು ಬರೆಯುವ ಭಾಷೆ, ತನಗಾದುದನ್ನು ನಾಚಿಕೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವ ಭಾಷೆ. 12ನೆಯ ತರಗತಿಯವರೆಗೆ ಕಾಯಬಾರದು. 10ನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್‌ಗೋ ಐ.ಟಿ.ಐ.ಗೋ ಹೋಗುವವರು 15–16 ವರ್ಷದ ಮಕ್ಕಳು. ಎಲ್ಲರಿಗಿಂತ ಮೊದಲು ಊರು ಬಿಡುವವರು ಅವರೇ.

ಪೀಳಮೇಡಿನ ಪ್ರಕರಣ

2023ರ ನವೆಂಬರ್ ತಿಂಗಳಿನಲ್ಲಿ ಕೊಯಮತ್ತೂರಿನ ಪೀಳಮೇಡು ಭಾಗದ ಒಂದು ಖಾಸಗಿ ತಾಂತ್ರಿಕ ಕಾಲೇಜಿನ ವಸತಿಗೃಹದಲ್ಲಿ ನಡೆದ ಸಂಗತಿಯು ಪತ್ರಿಕೆಗಳಲ್ಲಿ ವಿವರವಾಗಿ ಬಂದಿತ್ತು. ದೂರಿನ ಪ್ರಕಾರ, ಹಿರಿಯ ವಿದ್ಯಾರ್ಥಿಗಳು ಮೊದಲ ವರ್ಷದ ವಿದ್ಯಾರ್ಥಿಯೊಬ್ಬನಲ್ಲಿ ಮದ್ಯ ಕೊಳ್ಳಲು ಹಣ ಕೇಳಿದರು. ಅವನು ಕೊಡಲೊಪ್ಪಲಿಲ್ಲ. ಅವನನ್ನು ಕೊಠಡಿಯಲ್ಲಿ ಕೂಡಿಹಾಕಿ ಹೊಡೆದರು, ತಲೆ ಬೋಳಿಸಿದರು. ವಿಷಯವು ಮನೆಯವರಿಗೆ ತಿಳಿದು, ದೂರು ದಾಖಲಾಗಿ, ಏಳು ಮಂದಿ ಹಿರಿಯ ವಿದ್ಯಾರ್ಥಿಗಳನ್ನು ಪೊಲೀಸರು ಬಂಧಿಸಿದರು. ಅವರ ಮೇಲೆ ಹಾಕಿದ ಕಾಯ್ದೆಗಳಲ್ಲಿ ತಮಿಳುನಾಡು ರ‍್ಯಾಗಿಂಗ್ ನಿಷೇಧ ಕಾಯ್ದೆಯೂ ಒಂದು.

ತರಗತಿಯಲ್ಲಿ ಈ ಪ್ರಕರಣವನ್ನು ಹೇಳುವಾಗ ಕಾಲೇಜಿನ ಹೆಸರನ್ನಾಗಲೀ ಹುಡುಗರ ಹೆಸರನ್ನಾಗಲೀ ಹೇಳುವ ಅಗತ್ಯವಿಲ್ಲ. ಹೆಸರು ಹೇಳಿದೊಡನೆ ‘ಆ ಕಾಲೇಜು ಕೆಟ್ಟದ್ದು, ಬೇರೆ ಕಡೆ ಹೀಗಿಲ್ಲ’ ಎಂಬ ತೀರ್ಮಾನಕ್ಕೆ ಮಕ್ಕಳು ಬಂದುಬಿಡುತ್ತಾರೆ. ಅವರು ಗಮನಿಸಬೇಕಾದುದು ಘಟನೆಯ ಕ್ರಮವನ್ನು. ಮೊದಲು ಬಂದದ್ದು ಹೊಡೆತವಲ್ಲ, ಹಣದ ಬೇಡಿಕೆ. ಅದೂ ಪುಸ್ತಕಕ್ಕಲ್ಲ, ಊಟಕ್ಕಲ್ಲ, ಮದ್ಯಕ್ಕೆ. ನೆರೆಯ ಕೇರಳದ ಕೋಟ್ಟಯಂನಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜಿನ ಐವರು ಹಿರಿಯ ವಿದ್ಯಾರ್ಥಿಗಳನ್ನು 2025ರ ಫೆಬ್ರವರಿಯಲ್ಲಿ ಬಂಧಿಸಿದಾಗಲೂ, ಕಿರಿಯರ ದೂರಿನಲ್ಲಿ ದೈಹಿಕ ಹಿಂಸೆಯ ಜೊತೆಗೆ ಇದೇ ಮಾತಿತ್ತು: ವಾರವಾರವೂ ಮದ್ಯಕ್ಕೆಂದು ಹಣ ವಸೂಲು ಮಾಡುತ್ತಿದ್ದರು. ಅಲ್ಲಿ ದೂರು ಹೊರಬರಲು ಸುಮಾರು ಮೂರು ತಿಂಗಳು ಹಿಡಿಯಿತು.

ಎರಡು ಪ್ರಕರಣಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ‘ಎಲ್ಲಿ ತಡೆಯಬಹುದಾಗಿತ್ತು?’ ಎಂದು ಕೇಳಬೇಕು. ಮಕ್ಕಳು ಸಾಮಾನ್ಯವಾಗಿ ‘ಹಣ ಕೊಟ್ಟಿದ್ದರೆ ಹೊಡೆತ ತಪ್ಪುತ್ತಿತ್ತು’ ಎನ್ನುತ್ತಾರೆ. ಆ ಉತ್ತರವನ್ನು ತಳ್ಳಿಹಾಕಬೇಡಿ. ಅದು ಪ್ರಾಮಾಣಿಕವಾದ ಉತ್ತರ. ಕೋಟ್ಟಯಂನ ದೂರನ್ನು ತೋರಿಸಿ, ಹಣ ಕೊಟ್ಟವರಿಗೆ ಹೊಡೆತ ತಪ್ಪಿತೇ ಎಂದು ಮರುಪ್ರಶ್ನೆ ಹಾಕಿ. ಮೊದಲ ಸಲ ಕೊಟ್ಟ ನೂರು ರೂಪಾಯಿಯು ಮುಂದಿನ ವಾರದ ಬೇಡಿಕೆಗೆ ಮುಂಗಡವಾಗುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಹಣದ ಮಾತು ನಮ್ಮ ಮಕ್ಕಳಿಗೆ ಹೊರಗಿನ ಸಂಗತಿಯಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಅಣ್ಣ ದುಡಿದು ತಮ್ಮನಿಗೆ ಕಳಿಸುವ ಹಣ ಅದು. ಸಿರುಮುಗೈಯ ಮಗ್ಗದ ಮನೆಯಲ್ಲಿ ಸೀರೆಯೊಂದು ಮುಗಿದ ಮೇಲೆ ಕೈಗೆ ಬರುವ ಕೂಲಿ ಅದು. ಮೊದಲ ತಲೆಮಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗನು ಆ ಹಣವನ್ನು ಕಳೆದುಕೊಂಡಾಗ ಮನೆಗೆ ತಿಳಿಸುವುದಿಲ್ಲ. ‘ಓದು ಸಾಕು, ಕೆಲಸಕ್ಕೆ ಬಾ’ ಎಂದಾರೆಂಬ ಭಯ. ಹೀಗೆ ಬಡತನವೇ ಅವನ ಬಾಯಿ ಕಟ್ಟುತ್ತದೆ.

ಅಮೆರಿಕದ ಭ್ರಾತೃಸಂಘಗಳು

ಹಿರಿಯರು ಕಿರಿಯರನ್ನು ಪರೀಕ್ಷೆಗೊಡ್ಡುವ ರೂಢಿಯು ನಮ್ಮ ದೇಶದ್ದೊಂದೇ ಅಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳಿವೆ. ಗಂಡುಮಕ್ಕಳದು ಫ್ರಟರ್ನಿಟಿ, ಹೆಣ್ಣುಮಕ್ಕಳದು ಸೊರೋರಿಟಿ. ಇವುಗಳಲ್ಲಿ ಅನೇಕ ಸಂಘಗಳಿಗೆ ಸ್ವಂತ ಮನೆಗಳೇ ಇರುತ್ತವೆ. ಸೇರಬಯಸುವ ಹೊಸಬನು ಕೆಲವು ವಾರಗಳ ಕಾಲ ಉಮೇದುವಾರನಾಗಿರಬೇಕು. ಆ ಅವಧಿಯಲ್ಲಿ ಅವನಿಗೆ ಕೊಡುವ ಹಿಂಸೆಗೆ ಅಲ್ಲಿ ಹೇಜಿಂಗ್ ಎನ್ನುತ್ತಾರೆ. 1873ರಷ್ಟು ಹಿಂದೆಯೇ ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಟಿಮರ್ ಲೆಗೆಟ್ ಎಂಬ ವಿದ್ಯಾರ್ಥಿಯು ಇಂತಹ ಸಂಘವೊಂದರ ಸೇರ್ಪಡೆಯ ರಾತ್ರಿ ಕಮರಿಗೆ ಬಿದ್ದು ಮೃತನಾದನು.

ನಮ್ಮ ಪಾಠಕ್ಕೆ ಹೆಚ್ಚು ಉಪಯೋಗವಾಗುವುದು ಟಿಮೊಥಿ ಪಿಯಾಜಾ ಎಂಬ 19 ವರ್ಷದ ಯುವಕನ ಪ್ರಕರಣ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಎಂಬ ಸಂಘವು ಹೊಸಬರನ್ನು ಸೇರಿಸಿಕೊಂಡ ರಾತ್ರಿ, ಅವನಿಗೆ 82 ನಿಮಿಷಗಳೊಳಗೆ 18 ಬಾರಿ ಮದ್ಯ ಕೊಡಲಾಯಿತು. ಅಮಲಿನಲ್ಲಿ ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದನು. ತಲೆಗೂ ಹೊಟ್ಟೆಯೊಳಗೂ ಪೆಟ್ಟಾಗಿತ್ತು. ಸಂಘದ ಸದಸ್ಯರು ಅವನನ್ನು ಸೋಫಾದ ಮೇಲೆ ಮಲಗಿಸಿದರು. ಸಹಾಯಕ್ಕೆ ಕರೆ ಹೋದದ್ದು ಸುಮಾರು 12 ಗಂಟೆಗಳ ನಂತರ. ಅವನು ಬದುಕಲಿಲ್ಲ. ಮರುವರ್ಷ ಆ ರಾಜ್ಯವು ಅವನ ಹೆಸರಿನಲ್ಲಿಯೇ ಕಾನೂನು ಮಾಡಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ ವಿಶ್ವವಿದ್ಯಾಲಯಗಳು ಹೇಜಿಂಗ್ ಪ್ರಕರಣಗಳ ಲೆಕ್ಕವನ್ನು ಬಹಿರಂಗಪಡಿಸಬೇಕೆಂಬ ಕಾಯ್ದೆಯನ್ನು ತಂದಿತು.

ಅಲ್ಲಿ ಹೊಸಬನಿಗೆ ಮದ್ಯ ಕುಡಿಸುತ್ತಾರೆ. ಇಲ್ಲಿ ಹೊಸಬನ ಹಣದಿಂದ ಹಿರಿಯರು ಕುಡಿಯುತ್ತಾರೆ, ಅಥವಾ ಅವನ ಕೈಯಿಂದಲೇ ತರಿಸುತ್ತಾರೆ. ಈ ಭೇದವನ್ನು ಮಕ್ಕಳೇ ಗುರುತಿಸಲಿ. ಹಾಗೆಯೇ ಒಂದು ಸಾಮ್ಯವಿದೆ. ಪಿಯಾಜಾ ಮಲಗಿದ್ದ ಮನೆಯಲ್ಲಿ ಹತ್ತಾರು ಯುವಕರಿದ್ದರು. ಯಾರೊಬ್ಬರೂ ಬೇಗನೆ ಫೋನ್ ಎತ್ತಲಿಲ್ಲ. ಸಿಕ್ಕಿಬೀಳುವ ಭಯ, ಗುಂಪಿಗೆ ದ್ರೋಹವಾದೀತೆಂಬ ಅಳುಕು. ನಮ್ಮ ವಸತಿಗೃಹಗಳ ಓಣಿಯಲ್ಲಿ ಬಾಗಿಲು ಹಾಕಿಕೊಂಡು ಕೂಗನ್ನು ಕೇಳಿಸಿಕೊಳ್ಳುವ ಸಹಪಾಠಿಗಳ ಮೌನವೂ ಅದೇ ಜಾತಿಯದು.

ಕಾನೂನು ಏನು ಹೇಳುತ್ತದೆ

1996ರ ನವೆಂಬರ್‌ನಲ್ಲಿ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದ ರಾಜಾ ಮುತ್ತಯ್ಯ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಪೊನ್ ನಾವರಸು ಹಿರಿಯ ವಿದ್ಯಾರ್ಥಿಯೊಬ್ಬನಿಂದ ಕೊಲೆಯಾದನು. ಅವನ ತಂದೆ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಆ ಕೊಲೆಯ ಘೋರ ವಿವರಗಳು ತರಗತಿಗೆ ಬೇಡ; ಕೆಲವು ಶಿಕ್ಷಕರು ಮಕ್ಕಳನ್ನು ಎಚ್ಚರಿಸಲೆಂದು ಅವನ್ನೆಲ್ಲ ಬಣ್ಣಿಸುತ್ತಾರೆ, ಆಗ ಮಕ್ಕಳ ನೆನಪಿನಲ್ಲಿ ಉಳಿಯುವುದು ಭಯವೊಂದೇ. ಹೇಳಬೇಕಾದುದು ಇಷ್ಟು: ಆ ಸಾವಿನ ಬೆನ್ನಲ್ಲೇ ತಮಿಳುನಾಡು ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿತು, 1997ರಲ್ಲಿ ಅದು ತಮಿಳುನಾಡು ರ‍್ಯಾಗಿಂಗ್ ನಿಷೇಧ ಕಾಯ್ದೆಯಾಯಿತು. ಕೆಳ ನ್ಯಾಯಾಲಯದ ಶಿಕ್ಷೆ, ಉಚ್ಚ ನ್ಯಾಯಾಲಯದ ಬಿಡುಗಡೆ, ಮೇಲ್ಮನವಿ ಎಂದು ಸುತ್ತಿದ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ಮರುಸ್ಥಾಪಿಸಿದ್ದು 2011ರಲ್ಲಿ.

ಈ ಕಾಯ್ದೆಯು ರ‍್ಯಾಗಿಂಗ್ ಎಂಬುದಕ್ಕೆ ಕೊಡುವ ಅರ್ಥವು ನಾವು ಊಹಿಸುವುದಕ್ಕಿಂತ ವಿಶಾಲವಾದುದು. ವಿದ್ಯಾರ್ಥಿಗೆ ದೈಹಿಕ ಇಲ್ಲವೇ ಮಾನಸಿಕ ಹಾನಿ, ಭಯ, ನಾಚಿಕೆ, ಮುಜುಗರ ಉಂಟುಮಾಡುವ ಕೃತ್ಯ, ಛೇಡಿಸುವುದು, ಬೈಯುವುದು, ಅವನು ಸಾಮಾನ್ಯವಾಗಿ ಮನಸ್ಸಿನಿಂದ ಮಾಡಲೊಪ್ಪದ ಕೆಲಸವನ್ನು ಮಾಡೆನ್ನುವುದು, ಎಲ್ಲವೂ ಅದರಲ್ಲಿ ಸೇರಿವೆ. ಶಿಕ್ಷೆಯು ಎರಡು ವರ್ಷಗಳವರೆಗೆ ಸೆರೆವಾಸ, 10,000 ರೂಪಾಯಿಗಳವರೆಗೆ ದಂಡ. ಶಿಕ್ಷೆಗೊಳಗಾದವನನ್ನು ಕಾಲೇಜಿನಿಂದ ತೆಗೆದುಹಾಕಬೇಕು; ಬೇರೆ ಸಂಸ್ಥೆಯೂ ಅವನನ್ನು ಸೇರಿಸಿಕೊಳ್ಳುವಂತಿಲ್ಲ. ವಿದ್ಯಾರ್ಥಿಯು ದೂರು ಕೊಟ್ಟಾಗ ಸಂಸ್ಥೆಯ ಮುಖ್ಯಸ್ಥರು ಕೂಡಲೇ ವಿಚಾರಣೆ ನಡೆಸಬೇಕು. ನಡೆಸದೆ ಉದಾಸೀನ ಮಾಡಿದರೆ ಅವರೇ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂದು ಕಾಯ್ದೆಯು ಪರಿಗಣಿಸುತ್ತದೆ. ಈ ಕೊನೆಯ ಅಂಶವನ್ನು ಮಕ್ಕಳಿಗೆ ಎರಡು ಬಾರಿ ಹೇಳಿ. ‘ದೂರು ಕೊಟ್ಟರೆ ಏನಾಗುತ್ತದೆ, ಅವರೇ ಮುಚ್ಚಿಹಾಕುತ್ತಾರೆ’ ಎಂಬ ಮಾತಿಗೆ ಉತ್ತರ ಅಲ್ಲಿದೆ.

ಮುಂದೆ 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ 19 ವರ್ಷದ ಅಮನ್ ಕಾಚ್ರೂ ಕುಡಿದಿದ್ದ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಮೃತನಾದನು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೇಶದ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ನಿಯಮಾವಳಿಯನ್ನು ಜಾರಿಗೊಳಿಸಿತು. 1800-180-5522 ಎಂಬ ಸಹಾಯವಾಣಿ ಆರಂಭವಾದುದೂ ಆಗಲೇ. ಪ್ರತಿ ಕಾಲೇಜಿನಲ್ಲಿ ರ‍್ಯಾಗಿಂಗ್ ವಿರೋಧಿ ಸಮಿತಿ, ಅನಿರೀಕ್ಷಿತ ಭೇಟಿ ನೀಡುವ ತಂಡ, ಅಗತ್ಯವಿದ್ದಲ್ಲಿ ಪೊಲೀಸರಿಗೆ ದೂರು ಎಂಬ ವ್ಯವಸ್ಥೆಯನ್ನು ಅದು ವಿಧಿಸಿದೆ. ಕಿರಿಯನಿಂದ ಹಣ ವಸೂಲು ಮಾಡುವುದು, ಬಲವಂತದ ಖರ್ಚನ್ನು ಅವನ ಮೇಲೆ ಹೇರುವುದು, ಹಿರಿಯರು ತಮ್ಮ ಓದುಬರಹದ ಕೆಲಸವನ್ನು ಅವನಿಂದ ಮಾಡಿಸಿಕೊಳ್ಳುವುದು, ಮೂರನ್ನೂ ಆ ನಿಯಮಾವಳಿಯು ರ‍್ಯಾಗಿಂಗ್ ಎಂದೇ ಕರೆಯುತ್ತದೆ. ಮದ್ಯಕ್ಕೆ ಕೇಳುವ ಹಣವು ಹೀಗೆ ಸ್ಪಷ್ಟವಾಗಿ ಅಪರಾಧದ ವ್ಯಾಪ್ತಿಯೊಳಗೆ ಬರುತ್ತದೆ. ತಮಿಳುನಾಡಿನಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲವೆಂಬುದನ್ನೂ ಇಲ್ಲಿಯೇ ತಿಳಿಸಬೇಕು. ‘ಟಾಸ್ಮಾಕ್ ಅಂಗಡಿಗೆ ಹೋಗಿ ತಾ’ ಎಂದು ಕಳಿಸುವ ಎರಡನೆಯ ವರ್ಷದ ಹಿರಿಯನಿಗೂ ಸಾಮಾನ್ಯವಾಗಿ ಆ ವಯಸ್ಸು ಆಗಿರುವುದಿಲ್ಲ. ಹೋಗುವ ಕಿರಿಯನ ವಯಸ್ಸು 17 ಅಥವಾ 18.

ಭಾಷೆಯ ಮೂಲಕ ಬರುವ ಅವಮಾನ

ಕನ್ನಡ ಶಿಕ್ಷಕರು ಇತರರಿಗಿಂತ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. 2016ರಲ್ಲಿ ಆ ನಿಯಮಾವಳಿಗೆ ಒಂದು ತಿದ್ದುಪಡಿ ಬಂದಿತು. ಬಣ್ಣ, ಜಾತಿ, ಧರ್ಮ, ಲಿಂಗ, ರೂಪ, ಹುಟ್ಟಿದ ಊರು, ಆರ್ಥಿಕ ಸ್ಥಿತಿ ಮುಂತಾದವುಗಳ ಜೊತೆಗೆ ಭಾಷಿಕ ಗುರುತಿನ ಕಾರಣದಿಂದ ಒಬ್ಬ ವಿದ್ಯಾರ್ಥಿಯನ್ನು ಹಿಂಸಿಸುವುದು ಅಥವಾ ದೂರವಿಡುವುದು ಕೂಡ ರ‍್ಯಾಗಿಂಗ್ ಎಂದು ಸ್ಪಷ್ಟಪಡಿಸಲಾಯಿತು.

ನಮ್ಮ ಮಕ್ಕಳಿಗೆ ತಮಿಳು ಬರುವುದಿಲ್ಲವೆಂದಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ಅವರೂ ತಮಿಳನ್ನು ಪಾಠವಾಗಿ ಓದಿದ್ದಾರೆ. ಆದರೆ ಪರೀಕ್ಷೆಗಾಗಿ ಬರೆದ ತಮಿಳು ಬೇರೆ, ವಸತಿಗೃಹದ ಮಾತು ಬೇರೆ. ಕೊಂಗುನಾಡಿನ ಆಡುಮಾತಿನ ನಡುವೆ ಗಡಿಭಾಗದ ಹುಡುಗನ ಉಚ್ಚಾರಣೆ ಎದ್ದು ಕೇಳಿಸುತ್ತದೆ. ಅವನಿಂದ ಒಂದು ಪದವನ್ನು ಹತ್ತು ಬಾರಿ ಹೇಳಿಸಿ ನಗುವುದು, ಮನೆಗೆ ಕನ್ನಡದಲ್ಲಿ ಫೋನ್ ಮಾಡಿದಾಗ ಸುತ್ತ ನಿಂತು ಅಣಕಿಸುವುದು, ಕಾವೇರಿಯ ವಿವಾದ ಸುದ್ದಿಯಲ್ಲಿದ್ದಾಗ ಅವನನ್ನೇ ಕಟಕಟೆಗೆ ನಿಲ್ಲಿಸುವುದು, ಇವನ್ನೆಲ್ಲ ‘ತಮಾಷೆ’ ಎಂದು ಕರೆಯುತ್ತಾರೆ. ಮನೆಯಲ್ಲಿ ಮಾತ್ರ ಕನ್ನಡವಾಡುವ ಉಡುಮಲಪೇಟೆಯ ಮಗುವಿಗೆ ಇದು ಅಷ್ಟಾಗಿ ತಟ್ಟಲಾರದು. ತಾಳವಾಡಿಯ ಮಗುವಿಗೆ ತಟ್ಟುತ್ತದೆ. ಈ ಅಣಕಕ್ಕೆ ಹೆದರಿ ಅವನು ಬಾಯಿ ತೆರೆಯುವುದನ್ನೇ ಬಿಟ್ಟರೆ, ಮುಂದೆ ಹಣದ ಬೇಡಿಕೆ ಬಂದಾಗಲೂ ಅವನು ದೂರು ಹೇಳಲಾರ.

ಆದುದರಿಂದ ಹೊರಡುವ ಮುನ್ನ ಮಕ್ಕಳಿಗೆ ಮೂರು ನಾಲ್ಕು ತಮಿಳು ವಾಕ್ಯಗಳು ನಾಲಗೆಯ ತುದಿಯಲ್ಲಿರಬೇಕು: ‘ಎನಕ್ಕು ವೇಂಡಾಂ’, ‘ನಾನ್ ಕುಡಿಕ್ಕ ಮಾಟ್ಟೇನ್’, ‘ಪಣಂ ತರ ಮಾಟ್ಟೇನ್’, ‘ವಾರ್ಡನ್ ಕಿಟ್ಟ ಸೊಲ್ಲುವೇನ್’. ಇವುಗಳನ್ನು ಗಟ್ಟಿಯಾಗಿ, ಆದರೆ ಬೈಗುಳವಿಲ್ಲದೆ ಹೇಳುವ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸಿ. ಮೊದಮೊದಲು ನಗುತ್ತಾರೆ. ನಗಲಿ. ಐದಾರು ಬಾರಿ ಹೇಳಿದ ಮೇಲೆ ದನಿ ನಿಲ್ಲುತ್ತದೆ. ಒಬ್ಬರೇ ಹತ್ತು ಜನರ ನಡುವೆ ಸಿಕ್ಕಿಕೊಂಡಾಗ ವಾದಕ್ಕಿಳಿಯದೆ ಅಲ್ಲಿಂದ ಹೊರಬರುವುದೇ ಮೊದಲ ಕೆಲಸ ಎಂಬುದನ್ನೂ ಸೇರಿಸಿ ಹೇಳಬೇಕು. ಎದುರಿಸಿ ನಿಲ್ಲುವ ಸಾಹಸವನ್ನು ನಾವು ಮಕ್ಕಳಿಂದ ಬಯಸಬಾರದು.

ಇದಕ್ಕೆ ಮರುಬದಿಯೂ ಇದೆ. ಪರವೂರಿನಲ್ಲಿ ನಮ್ಮ ಭಾಷೆಯ ಹಿರಿಯ ವಿದ್ಯಾರ್ಥಿ ಸಿಕ್ಕರೆ ಕಿರಿಯರು ಅವನನ್ನು ಪೂರ್ತಿಯಾಗಿ ನಂಬುತ್ತಾರೆ. ‘ಅಣ್ಣ’, ‘ಅಕ್ಕ’ ಎಂಬ ಸಂಬೋಧನೆಯಿಂದ ಸಲುಗೆಯೂ ಬರುತ್ತದೆ, ಅಧಿಕಾರವೂ ಬರುತ್ತದೆ. 2016ರಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಕೇರಳದ ವಿದ್ಯಾರ್ಥಿನಿಗೆ ಶೌಚಾಲಯ ತೊಳೆಯುವ ದ್ರಾವಣವನ್ನು ಬಲವಂತದಿಂದ ಕುಡಿಸಿದರೆಂಬ ದೂರು ದಾಖಲಾಗಿ ಹಿರಿಯ ವಿದ್ಯಾರ್ಥಿನಿಯರ ಬಂಧನವಾಯಿತು. ಆ ಹಿರಿಯರೂ ಕೇರಳದವರೇ, ಅವಳ ಭಾಷೆಯವರೇ. ಹೆಣ್ಣುಮಕ್ಕಳ ವಸತಿಗೃಹದಲ್ಲಿ ಇಂಥದು ನಡೆಯುವುದಿಲ್ಲವೆಂಬ ನಮ್ಮ ಭಾವನೆಯನ್ನೂ ಆ ದೂರು ಅಲುಗಿಸಬೇಕು.

ಎರಡು ಗಾದೆಗಳ ಚರ್ಚೆ

ಎರಡನೆಯ ಅವಧಿಯನ್ನು ಗಾದೆಗಳಿಗೆ ಮೀಸಲಿಡಬಹುದು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ಹಲಗೆಯ ಮೇಲೆ ಬರೆಯಿರಿ. ಇದರ ಅರ್ಥವನ್ನು ಮಕ್ಕಳು ತಟ್ಟನೆ ಹೇಳುತ್ತಾರೆ. ಆ ಬಳಿಕ, ಸೊಸೆಯು ತನ್ನ ಕಾಲ ಬಂದಾಗ ಯಾರ ಮೇಲೆ ಸೇಡು ತೀರಿಸುತ್ತಾಳೆ ಎಂದು ಕೇಳಿ. ಅತ್ತೆಯ ಮೇಲೆ ತೀರಿಸಬಹುದು. ಆದರೆ ಬಹಳ ಸಲ ಅದು ಮುಂದೆ ಬರುವ ಸೊಸೆಯ ಮೇಲೆ ತೀರುತ್ತದೆ. ರ‍್ಯಾಗಿಂಗ್ ಮುಂದುವರಿಯುವುದು ಈ ಲೆಕ್ಕದಿಂದಲೇ. ಕಳೆದ ವರ್ಷ ತಾನು ಅನುಭವಿಸಿದುದನ್ನು ಈ ವರ್ಷ ಏನೂ ಮಾಡದ ಇನ್ನೊಬ್ಬನಿಂದ ವಸೂಲು ಮಾಡುವುದು. ‘ನಾವು ಅನುಭವಿಸಲಿಲ್ಲವೇ, ನಮಗೇನಾಯಿತು?’ ಎಂಬ ಮಾತನ್ನು ಹಿರಿಯ ವಿದ್ಯಾರ್ಥಿಗಳು ಮಾತ್ರವಲ್ಲ, ತರಬೇತಿ ಶಿಬಿರಗಳಲ್ಲಿ ಶಿಕ್ಷಕರೂ ಆಡುತ್ತಾರೆ. ರ‍್ಯಾಗಿಂಗ್‌ನಿಂದ ಮಕ್ಕಳು ಗಟ್ಟಿಯಾಗುತ್ತಾರೆ, ಸಂಕೋಚ ಬಿಡುತ್ತಾರೆ ಎನ್ನುವವರೂ ಇದ್ದಾರೆ. ಸಂಕೋಚ ಬಿಡಿಸಲು ನಾಟಕ, ಭಾಷಣ, ಆಟಗಳಿವೆ. ಅದಕ್ಕಾಗಿ ನಡುರಾತ್ರಿಯನ್ನು ಆಯ್ದುಕೊಳ್ಳುವ ಅಗತ್ಯವಿಲ್ಲ, ಬಾಗಿಲಿಗೆ ಅಗಳಿ ಹಾಕುವ ಅಗತ್ಯವೂ ಇಲ್ಲ.

ನಮ್ಮ ಮುಂದೆ ಕುಳಿತ ನಲವತ್ತು ಮಕ್ಕಳಲ್ಲಿ ನಾಳೆ ಹಿಂಸೆಗೊಳಗಾಗುವವರಿರುವಂತೆಯೇ ನಾಡಿದ್ದು ಹಿಂಸಿಸುವವರೂ ಇದ್ದಾರೆ. ಅವರಿಬ್ಬರೂ ಒಬ್ಬರೇ ಆಗಿರಬಹುದು. ಪಾಠವು ಕೇವಲ ‘ನಿಮ್ಮನ್ನು ನೀವು ಕಾಪಾಡಿಕೊಳ್ಳಿ’ ಎಂಬ ಧಾಟಿಯಲ್ಲಿ ನಡೆದರೆ ಅರ್ಧವೇ ಆದಂತೆ. ನಮ್ಮ ಶಾಲೆಗಳಲ್ಲಿಯೇ 10ನೆಯ ತರಗತಿಯವರು 6ನೆಯ ತರಗತಿಯವರಿಂದ ನೀರು ತರಿಸುವುದು, ಚೀಲ ಹೊರಿಸುವುದು, ಊಟದ ಸಾಲಿನಲ್ಲಿ ಹಿಂದಕ್ಕೆ ತಳ್ಳುವುದು ನಡೆಯುತ್ತದೆ. ಶಾಲೆಗೆ ಸೇರಿದ ವಸತಿಗೃಹವಿದ್ದರೆ ಬಟ್ಟೆಯನ್ನೂ ಒಗೆಸುತ್ತಾರೆ. ಅದನ್ನು ಕಂಡೂ ಕಾಣದಂತೆ ಇದ್ದು ಕಾಲೇಜಿನ ರ‍್ಯಾಗಿಂಗ್ ಬಗ್ಗೆ ಪಾಠ ಮಾಡಿದರೆ ಮಕ್ಕಳು ನಮ್ಮ ಮುಖವನ್ನೇ ನೋಡುತ್ತಾರೆ.

ಎರಡನೆಯದು, ಗಾದೆಯಂತೆ ಬಳಕೆಯಲ್ಲಿರುವ ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಸಂಸ್ಕೃತದ ಮಾತು. ಮದುವೆಯ ಮಾತುಕತೆಯಲ್ಲಿ ಇದು ಸೊಗಸಾಗಿರಬಹುದು. ಹತ್ತು ಹಿರಿಯರ ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ಕಿರಿಯನ ಮೌನಕ್ಕೆ ಸಮ್ಮತಿಯೆಂಬ ಅರ್ಥವಿದೆಯೇ? ‘ಅವನೂ ನಗುತ್ತಿದ್ದ, ಬೇಡವೆನ್ನಲಿಲ್ಲ’ ಎಂಬುದು ಇಂತಹ ಪ್ರಕರಣಗಳಲ್ಲಿ ಆಪಾದಿತರು ಸಾಮಾನ್ಯವಾಗಿ ಕೊಡುವ ಸಮಜಾಯಿಷಿ. ಮಕ್ಕಳು ಇದರ ಪರ–ವಿರೋಧವಾಗಿ ಅರ್ಧ ಪುಟ ಬರೆಯಲಿ. ಚೆನ್ನಾದ ಪ್ರಬಂಧಗಳು ಬರುತ್ತವೆ.

ಮದ್ಯದ ಮಾತನ್ನು ಎತ್ತುವಾಗ ಒಂದು ಎಚ್ಚರ ಬೇಕು. ತಂದೆಯೋ ಅಣ್ಣನೋ ಕುಡಿಯುವ ಮನೆಯಿಂದ ಬಂದ ಮಕ್ಕಳು ತರಗತಿಯಲ್ಲಿರುತ್ತಾರೆ. ‘ಕುಡುಕರು’ ಎಂಬ ಪದ ಬಂದೊಡನೆ ಅವರು ತಲೆ ತಗ್ಗಿಸುತ್ತಾರೆ. ನೀತಿಬೋಧೆಯ ಬದಲು ದೇಹದ ವಿಷಯವನ್ನು ಹೇಳಿ: ಯಕೃತ್ತು ಒಂದು ಗಂಟೆಗೆ ಸುಮಾರು ಒಂದು ಅಳತೆಯ ಮದ್ಯವನ್ನಷ್ಟೇ ಕರಗಿಸಬಲ್ಲದು, ಅದಕ್ಕಿಂತ ವೇಗವಾಗಿ ಕುಡಿದದ್ದು ರಕ್ತದಲ್ಲಿ ಉಳಿದು ಮಿದುಳನ್ನು, ಕೊನೆಗೆ ಉಸಿರಾಟವನ್ನು ಮಂಕಾಗಿಸುತ್ತದೆ. ಪಿಯಾಜಾನ 82 ನಿಮಿಷಗಳ ಲೆಕ್ಕವನ್ನು ಇದರೊಂದಿಗೆ ಹೋಲಿಸಿದರೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಪ್ರಜ್ಞೆ ತಪ್ಪಿದವನನ್ನು ಕಂಡಾಗ

ಇದನ್ನು ಬಾಯಿಪಾಠವಾಗುವಂತೆ ಕಲಿಸಬೇಕು. ಕುಡಿದವನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಅಥವಾ ನಡುನಡುವೆ ನಿಂತು ಬರುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ, ಅದು ನಿದ್ರೆಯಲ್ಲ. 108ಕ್ಕೆ ಕರೆ ಮಾಡಬೇಕು. ವಾಂತಿಯು ಶ್ವಾಸನಾಳಕ್ಕೆ ಹೋಗದಂತೆ ಅವನನ್ನು ಒಂದು ಪಕ್ಕಕ್ಕೆ ಮಲಗಿಸಿ, ಯಾರಾದರೊಬ್ಬರು ಪಕ್ಕದಲ್ಲಿಯೇ ಇರಬೇಕು. ಬಿದ್ದು ತಲೆಗೆ ಪೆಟ್ಟಾಗಿರುವ ಸಂಶಯವಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಕಾಫಿ, ಮಜ್ಜಿಗೆ, ನಿಂಬೆಹಣ್ಣಿನ ರಸ, ತಣ್ಣೀರ ಸ್ನಾನ ಯಾವುದೂ ಬೇಡ. ಇವು ಅಮಲನ್ನು ಇಳಿಸುವುದಿಲ್ಲ, ಪ್ರಜ್ಞೆ ಇಲ್ಲದವನ ಬಾಯಿಗೆ ಏನನ್ನು ಹಾಕಿದರೂ ಉಸಿರುಕಟ್ಟುವ ಅಪಾಯವುಂಟು. ‘ಬೆಳಗ್ಗೆ ಸರಿಹೋಗುತ್ತಾನೆ’ ಎಂದು ಬಾಗಿಲೆಳೆದುಕೊಂಡು ಹೋಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಇಬ್ಬಿಬ್ಬರನ್ನು ಕರೆದು, ಒಬ್ಬನನ್ನು ಪಕ್ಕಕ್ಕೆ ಮಲಗಿಸುವ ಕ್ರಮವನ್ನು ನೆಲದ ಮೇಲೆ ಜಮಖಾನೆ ಹಾಸಿ ಮಾಡಿಸಬಹುದು. ದೈಹಿಕ ಶಿಕ್ಷಣದ ಶಿಕ್ಷಕರ ಸಹಾಯವನ್ನು ಪಡೆಯಿರಿ. ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಮಾಡಿಸಲಿ.

ಮೂರನೆಯ ಅವಧಿ: ದೂರು ಬರೆಯುವುದು

ಪತ್ರಲೇಖನವು ಹೇಗೂ ನಮ್ಮ ಪಾಠಕ್ರಮದಲ್ಲಿದೆ. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ, ಪುಸ್ತಕ ಕಳಿಸಲು ಅಂಗಡಿಗೆ ಪತ್ರ ಇವುಗಳ ಸಾಲಿಗೆ ಈ ಒಂದನ್ನು ಸೇರಿಸಿದರೆ ಸಾಕು. ಮಕ್ಕಳು ಬರೆಯುವ ಮೊದಲ ಕರಡಿನಲ್ಲಿ ವಿಶೇಷಣಗಳು ತುಂಬಿರುತ್ತವೆ: ‘ಅಮಾನುಷವಾಗಿ’, ‘ನಿರ್ದಯವಾಗಿ’, ‘ಹೇಳಲಾಗದಷ್ಟು’. ಅವೆಲ್ಲವನ್ನೂ ಹೊಡೆದುಹಾಕಿಸಿ. ದಿನಾಂಕ, ಗಂಟೆ, ಕೊಠಡಿಯ ಸಂಖ್ಯೆ, ಇದ್ದವರ ಹೆಸರು. ಹೆಸರು ತಿಳಿಯದಿದ್ದರೆ ವರ್ಷ, ವಿಭಾಗ, ಗುರುತು. ಏನು ಕೇಳಿದರು, ಏನು ಮಾಡಿದರು, ಎಷ್ಟು ಹಣ, ಯಾವ ರೀತಿಯಲ್ಲಿ ಕೊಟ್ಟದ್ದು, ಬೇರೆ ಯಾರು ಕಂಡರು ಇವಿಷ್ಟೇ ಇರಲಿ. ಆಡಿದ ಮಾತನ್ನು ಆಡಿದ ಭಾಷೆಯಲ್ಲಿಯೇ ಬರೆಯಬೇಕು. ತಮಿಳಿನ ಬೈಗುಳವನ್ನು ಸಭ್ಯ ಕನ್ನಡಕ್ಕೆ ತಿರುಗಿಸಿದರೆ ದೂರಿನ ಬಲ ಹೋಗುತ್ತದೆ. ಮೊಬೈಲಿನಿಂದ ಹಣ ಕಳಿಸಿದ್ದರೆ ಅದರ ದಾಖಲೆಯನ್ನು ಅಳಿಸಬಾರದು.

ಮೊದಲು ಕನ್ನಡದಲ್ಲಿ ಬರೆಯಲಿ, ಆಮೇಲೆ ತಮಿಳಿಗೋ ಇಂಗ್ಲಿಷಿಗೋ ತಿರುಗಿಸಲಿ. ನೋವನ್ನು ತಾಯ್ನುಡಿಯಲ್ಲಿ ಬರೆದಾಗ ವಿವರಗಳು ತಾವಾಗಿ ಬರುತ್ತವೆ. ಭಾಷಾಂತರಕ್ಕೆ ತಮಿಳು ಶಿಕ್ಷಕರನ್ನು ಸೇರಿಸಿಕೊಂಡರೆ ಒಳ್ಳೆಯದು. ಪತ್ರವು ಪ್ರಾಂಶುಪಾಲರ ಹೆಸರಿಗಿರಬೇಕು. ಕೊಟ್ಟಾಗ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಸಹಿ ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು. ಜೀವಭಯವಿದ್ದಾಗ ಪತ್ರ ಬರೆಯುತ್ತ ಕೂರದೆ 112ಕ್ಕೆ ಕರೆ ಮಾಡಬೇಕು. 18 ತುಂಬದವರಿಗೆ 1098 ಇದೆ. ಮನಸ್ಸು ಕುಗ್ಗಿ, ಸಾಯುವ ಯೋಚನೆ ಬಂದರೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು. ಈ ಸಂಖ್ಯೆಗಳನ್ನು ಮಕ್ಕಳು ತಮ್ಮ ಕೈಬರಹದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡು ಹೋಗಲಿ. ಮೊಬೈಲನ್ನು ಹಿರಿಯರು ಕಿತ್ತುಕೊಳ್ಳುವುದುಂಟು.

ಪ್ರವೇಶದ ಸಮಯದಲ್ಲಿ ಪ್ರತಿ ವರ್ಷವೂ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯೊಂದನ್ನು ಕೊಡಬೇಕಾಗುತ್ತದೆ. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ರಾಗಿ ಹೊಲದಿಂದ ಬಂದ ತಂದೆಯು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾನೆ, ಮಗ ಏನು ಮಾಡಬಾರದೆಂದು ತಾನು ಒಪ್ಪಿಕೊಂಡೆನೆಂಬುದು ಅವನಿಗೆ ತಿಳಿದಿರುವುದಿಲ್ಲ. ಅದರ ಒಂದು ಪ್ರತಿಯನ್ನು ಕಾಲೇಜಿಗೆ ಹೋದ ಹಳೆಯ ವಿದ್ಯಾರ್ಥಿಯಿಂದ ತರಿಸಿಕೊಂಡು, ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುವ ಕೆಲಸವನ್ನು 12ನೆಯ ತರಗತಿಯವರಿಗೆ ಕೊಡಬಹುದು. ಆ ಅನುವಾದವನ್ನು ಪೋಷಕರ ಸಭೆಯಲ್ಲಿ ಮಗುವೇ ಓದಿ ಹೇಳಲಿ.

ಕಾಲೇಜುಗಳು ತೆರೆದ ಮೇಲೆ, ಮೊದಲ ಎರಡು ತಿಂಗಳುಗಳಲ್ಲಿ, ಹೋದ ಮಕ್ಕಳಿಗೆ ಎರಡು ಮೂರು ಬಾರಿ ಫೋನ್ ಮಾಡಿ. ಸಂಜೆಯ ಬದಲು ಮಧ್ಯಾಹ್ನದ ಬಿಡುವಿನಲ್ಲಿ ಮಾಡುವುದು ಮೇಲು, ಸುತ್ತ ಕೇಳಿಸಿಕೊಳ್ಳುವವರು ಕಡಿಮೆ ಇರುತ್ತಾರೆ. ‘ರ‍್ಯಾಗಿಂಗ್ ಇದೆಯೇ?’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರವೇ ಬರುತ್ತದೆ. ಊಟ ಹೇಗಿದೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀ, ಮನೆಯಿಂದ ಕಳಿಸಿದ ಹಣದಲ್ಲಿ ಎಷ್ಟು ಉಳಿದಿದೆ ಎಂದು ಕೇಳಿ. ತಿಂಗಳ ಹತ್ತನೆಯ ತಾರೀಖಿಗೇ ಹಣವೆಲ್ಲ ಮುಗಿದಿದ್ದರೆ ಮುಂದಿನ ಪ್ರಶ್ನೆಯನ್ನು ಕೇಳಲು ದಾರಿಯಾಗುತ್ತದೆ.